ಟ್ರ್ಯಾಕ್ಟರ್ ಸೀಟಿನ ಮೇಲೆ ಮೈ ಎಷ್ಟು ಅದುರುತ್ತದೆ?

ಪ್ರಶ್ನೆ: ನಮ್ಮಣ್ಣ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಾರೆ. ಉಳುಮೆ, ಕಬ್ಬು ಸಾಗಣೆ ಎಲ್ಲ ಸೇರಿ ದಿನಕ್ಕೆ ಹತ್ತು ಗಂಟೆ ಕೆಲಸ. ಸೊಂಟನೋವು ಬಿಡುತ್ತಲೇ ಇಲ್ಲ. ಒಂದು ದಿನದಲ್ಲಿ ಮೈಗೆ ತಗಲುವ ಅದುರನ್ನು ಲೆಕ್ಕ ಹಾಕಬಹುದಂತೆ, ಹೇಗೆ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಲೆಕ್ಕ ಹಾಕಬಹುದು. ಬೇಕಾದದ್ದು ಎರಡೇ ಸಂಗತಿ: ಯಾವ ಕೆಲಸದಲ್ಲಿ ಎಷ್ಟು ಅದುರು, ಆ ಕೆಲಸ ಎಷ್ಟು ಹೊತ್ತು. ಮೊದಲನೆಯದಕ್ಕೆ ಉಪಕರಣ ಬೇಕು, ಎರಡನೆಯದಕ್ಕೆ ಗಡಿಯಾರ ಸಾಕು. ಹಾಗಿದ್ದೂ ಅಂದಾಜು ಹೆಚ್ಚಾಗಿ ತಪ್ಪುವುದು ಎರಡನೆಯದರಲ್ಲೇ.

ಅದುರನ್ನು ಅಳೆಯಲು ಸೀಟಿನ ಮೇಲೆ ಒಂದು ಚಪ್ಪಟೆ ರಬ್ಬರ್ ಬಿಲ್ಲೆ ಇಟ್ಟು ಚಾಲಕರನ್ನು ಅದರ ಮೇಲೆ ಕೂರಿಸುತ್ತಾರೆ. ಅದರೊಳಗಿನ ಸಂವೇದಕ ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಹೀಗೆ ಮೂರೂ ದಿಕ್ಕಿನ ಕುಲುಕಾಟವನ್ನು ಬೇರೆಬೇರೆಯಾಗಿ ದಾಖಲಿಸುತ್ತದೆ. ಎಲ್ಲ ಅದುರೂ ಮೈಗೆ ಒಂದೇ ಅಲ್ಲ. ಕೂತವರ ಮೈ ಸೆಕೆಂಡಿಗೆ 4ರಿಂದ 8 ಬಾರಿ ಮೇಲೆ-ಕೆಳಗೆ ಆಡುವ ಅದುರಿಗೆ ಹೆಚ್ಚು ಸ್ಪಂದಿಸುತ್ತದೆ. ಆದ್ದರಿಂದ ಐಎಸ್ಒ 2631 ಮಾನಕ ಅಂಥ ಅದುರಿಗೆ ಹೆಚ್ಚು ತೂಕ ಕೊಡುತ್ತದೆ. ಅಡ್ಡ ದಿಕ್ಕಿನ ಎರಡು ಅಂಕಿಗಳನ್ನು 1.4ರಿಂದ ಗುಣಿಸಿ, ಮೂರರಲ್ಲಿ ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಳತೆ ಸೀಟಿನ ಮೇಲೆಯೇ ಆಗಬೇಕು. ಸವೆದ ಅಥವಾ ಸರಿಯಾಗಿ ಹೊಂದಿಸದ ಸೀಟು ಕೆಳಗಿನಿಂದ ಬಂದ ಅದುರನ್ನು ತಗ್ಗಿಸುವ ಬದಲು ಹೆಚ್ಚಿಸುವುದೂ ಉಂಟು. ಅಂಗಿ ಜೇಬಿನಲ್ಲಿಟ್ಟ ಮೊಬೈಲ್ ತೋರಿಸುವ ಅಂಕಿಯನ್ನು ಮಾತ್ರ ನಂಬಬೇಡಿ.

ಈಗ ಹೊತ್ತಿನ ಮಾತು. ‘ಹತ್ತು ಗಂಟೆ ಕೆಲಸ’ ಎಂದರೆ ಹತ್ತು ಗಂಟೆ ಅದುರು ಅಂತಲ್ಲ. ಊಟ, ಟೀ, ಡೀಸೆಲ್ ತುಂಬಿಸುವುದು, ಇಂಜಿನ್ ಆರಿಸಿ ಕಾಯುವುದು ಇವೆಲ್ಲ ಕಳೆಯಬೇಕು. ಅಣ್ಣನವರನ್ನು ನೆನಪಿನಿಂದ ಹೇಳಿ ಎನ್ನುವುದಕ್ಕಿಂತ, ನೀವೇ ಜತೆಗಿದ್ದು ಗಂಟೆ ನೋಡಿ ಬರೆದುಕೊಳ್ಳಿ. ಉಳುಮೆಯ ದಿನ, ಕಬ್ಬಿನ ದಿನ ಎರಡನ್ನೂ ಪ್ರತ್ಯೇಕವಾಗಿ ಬರೆಯಿರಿ.

ಅದುರಿನ ಅಳತೆ, ಹೊತ್ತು ಎರಡನ್ನೂ ಕೂಡಿಸಲು ಬ್ರಿಟನ್ನಿನ ಕೆಲಸದ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಚ್ಎಸ್ಇ ಬಳಸುವ ಅಂಕ ಪದ್ಧತಿ ಸುಲಭ. ಅದುರಿನ ಅಳತೆಯನ್ನು ವರ್ಗ ಮಾಡಿ, 50ರಿಂದ ಗುಣಿಸಿದರೆ ಒಂದು ಗಂಟೆಯ ಅಂಕ ಸಿಗುತ್ತದೆ. ಉದಾಹರಣೆಗಾಗಿ ಎರಡೂ ಕೆಲಸ ಇರುವ ಒಂದು ದಿನ ಹೀಗಿಟ್ಟುಕೊಳ್ಳಿ: ಉಳುಮೆಯಲ್ಲಿ 0.6 ಮೀ/ಸೆ², 3 ಗಂಟೆ. ಕಾರ್ಖಾನೆಯ ಸರದಿಯಲ್ಲಿ ಇಂಜಿನ್ ಓಡುತ್ತಾ ನಿಂತಿರುವಾಗ 0.2, 2 ಗಂಟೆ. ಕಬ್ಬು ಇಳಿಸಿ ಖಾಲಿ ಟ್ರೇಲರ್ ಎಳೆದುಕೊಂಡು ಗುಂಡಿ ರಸ್ತೆಯಲ್ಲಿ ಜೋರಾಗಿ ಮರಳುವಾಗ 1.2, 2 ಗಂಟೆ. ಉಳುಮೆಗೆ 54 ಅಂಕ, ಸರದಿಗೆ 4, ರಸ್ತೆಗೆ 144. ಒಟ್ಟು 202.

ಯುರೋಪಿನ 2002ರ ಕಾನೂನಿನ ಪ್ರಕಾರ 100 ಅಂಕ, ಅಂದರೆ 8 ಗಂಟೆಗೆ 0.5 ಮೀ/ಸೆ², ದಾಟಿದರೆ ಮಾಲೀಕರು ಅದುರು ತಗ್ಗಿಸಲು ಕ್ರಮ ಕೈಗೊಳ್ಳಬೇಕು. 1.15 ಮೀ/ಸೆ², ಅಂದರೆ ಸುಮಾರು 529 ಅಂಕ, ದಾಟುವಂತೆಯೇ ಇಲ್ಲ. ಹಳೆಯ ಯಂತ್ರಗಳನ್ನು ಈ ಕೊನೆಯ ಮಿತಿಗೆ ತರಲು ಕೃಷಿ ಮತ್ತು ಅರಣ್ಯ ಕೆಲಸಕ್ಕೆ 2014ರವರೆಗೂ ಕಾಲಾವಕಾಶ ಕೊಡಲು ಆ ಕಾನೂನಿನಲ್ಲಿ ಆಸ್ಪದವಿತ್ತು. ಹೊಲದ ಕೆಲಸದಲ್ಲಿ ಇದು ಎಷ್ಟು ಕಷ್ಟದ ಸಂಗತಿ ಎಂಬುದು ಕಾನೂನು ಮಾಡಿದವರಿಗೂ ಗೊತ್ತಿತ್ತು.

ನನಗೆ ಮುಖ್ಯವೆನಿಸುವುದು ಆ 144. ಎರಡೇ ಗಂಟೆ ಇಡೀ ದಿನದ ಬಹುಪಾಲನ್ನು ನುಂಗಿಬಿಟ್ಟಿದೆ. ಅದುರು ಇಮ್ಮಡಿಯಾದರೆ ಭಾರ ನಾಲ್ಕು ಪಟ್ಟಾಗುತ್ತದೆ, ವರ್ಗ ಮಾಡುವುದರ ಫಲವದು. ಸರದಿಯ ಎರಡು ಗಂಟೆ ಪೂರ್ತಿ ತಪ್ಪಿಸಿದರೂ ಕಡಿಮೆಯಾಗುವುದು ನಾಲ್ಕೇ ಅಂಕ. ಅದೇ, ರಸ್ತೆಯಲ್ಲಿ ವೇಗ ಇಳಿಸಿ ಅದುರು 0.8ಕ್ಕೆ ಬಂತೆನ್ನಿ. ಎರಡು ಗಂಟೆಯ ದಾರಿ ಮೂರು ಗಂಟೆ ಹಿಡಿದರೂ ಅದರ ಅಂಕ 96, ದಿನದ ಒಟ್ಟು 154. ಒಂದು ಗಂಟೆ ಹೆಚ್ಚು ಕೂತರೂ ಬೆನ್ನಿಗೆ ಭಾರ ಕಡಿಮೆ. ಆದರೆ ಟ್ರಿಪ್ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ಆ ಒಂದು ಗಂಟೆ ಚಾಲಕರ ಜೇಬಿನಿಂದಲೇ ಹೋಗುತ್ತದೆ. ಟ್ರ್ಯಾಕ್ಟರ್ ಮಾಲೀಕರ ಹತ್ತಿರ ಈ ಮಾತು ಆಡಲೇಬೇಕು.

ಈ ಅಂಕಕ್ಕೆ ಒಂದು ಕೊರತೆ ಇದೆ. ಬದು ಹಾರಿಸಿದಾಗ, ಗುಂಡಿಗೆ ಬಿದ್ದಾಗ ಆಗುವ ಒಂದೊಂದೇ ಹೊಡೆತ ಇಡೀ ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅಂಥ ಕಡೆ ಅದುರಿನ ನಾಲ್ಕನೇ ಘಾತ ಬಳಸುವ ಇನ್ನೊಂದು ಲೆಕ್ಕವಿದೆ. ಅದರಲ್ಲಿ ಹೊಡೆತಗಳು ಎದ್ದು ಕಾಣುತ್ತವೆ, ಆದರೆ ಅದಕ್ಕೂ ಉಪಕರಣ ಬೇಕೇ ಬೇಕು.

ಅಳತೆಗೆ ಕಾಯದೆ ಇಂದೇ ಮಾಡಬಹುದಾದದ್ದು: ಸೀಟಿನಲ್ಲಿ ಚಾಲಕರ ತೂಕಕ್ಕೆ ಹೊಂದಿಸುವ ಹಿಡಿ ಇದ್ದರೆ ಅದನ್ನು ಅಣ್ಣನವರ ತೂಕಕ್ಕೆ ತಿರುಗಿಸಿ. ಟೈರಿನ ಗಾಳಿ ಕಂಪನಿ ಹೇಳಿದ ಮಟ್ಟದಲ್ಲಿದೆಯೇ ನೋಡಿ. ಇಳಿಯುವಾಗ ಜಿಗಿಯುವುದು ಬೇಡ.

ಅವರ ಸೊಂಟನೋವಿಗೆ ಅದುರೊಂದೇ ಕಾರಣ ಎಂದು ಯಾವ ಅಂಕವೂ ಹೇಳಲಾರದು. ನೇಗಿಲು ನೋಡಲು ಗಂಟೆಗಟ್ಟಲೆ ಹಿಂದಕ್ಕೆ ತಿರುಗಿ ಕೂರುವುದು, ಕಬ್ಬಿನ ಹೊರೆ ಎತ್ತುವುದು ಇವೂ ಸೇರಿರುತ್ತವೆ. ಬರೆದಿಟ್ಟ ಪಟ್ಟಿಯನ್ನು ವೈದ್ಯರಿಗೂ ತೋರಿಸಿ. ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಲೆಕ್ಕ-ಪಟ್ಟಿ ಎಲ್ಲ ಬಿಟ್ಟು ಅಂದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.