ಗೋಡೆಯ ತೇವ, ಮನೆಯವರ ಆರೋಗ್ಯ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹಿರಿಯರು ಕಟ್ಟಿದ ಮಾಳಿಗೆ ಮನೆಗಳ ಗೋಡೆ ದಪ್ಪನೆಯ ಮಣ್ಣಿನದು; ಮೇಲೆ ಕರಲುಮಣ್ಣಿನ ಹೊದಿಕೆ. ಈ ಗೋಡೆಗಳಿಗೆ ಸಿಮೆಂಟ್ ಗಾರೆ ಮಾಡಿಸಿದರೆ ಮನೆ ಭದ್ರವಾಗುವುದೆಂಬ ನಂಬಿಕೆ ಈಗ ಹರಡಿದೆ. ಆರೋಗ್ಯದ ದೃಷ್ಟಿಯಿಂದ ನಾವು ಇದನ್ನು ಪರಾಮರ್ಶಿಸಬೇಕಾಗಿದೆ.

ಬಿಸಿಲು, ಮಳೆಗಳಿಗೆ ಒಡ್ಡಿದ ಗೋಡೆಯೊಳಗೆ ಏನು ನಡೆಯುತ್ತದೆಂಬುದನ್ನು ಇಂದು ಗಣಕಯಂತ್ರದಿಂದ ಲೆಕ್ಕಹಾಕಬಹುದು. ಗೋಡೆಯನ್ನು ತೆಳುವಾದ ಹಲವು ಪದರಗಳೆಂದು ಭಾವಿಸಿ, ಊರಿನ ಹವಾಮಾನದ ದಾಖಲೆಯನ್ನು ಆಧರಿಸಿ, ಪ್ರತಿ ಪದರಕ್ಕೆ ಗಂಟೆಗಂಟೆಗೂ ಬಂದ ಶಾಖವೆಷ್ಟು, ತೇವವೆಷ್ಟು, ಮುಂದಕ್ಕೆ ಸಾಗಿದ್ದೆಷ್ಟು ಎಂದು ಎಣಿಸುತ್ತಾರೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ‘ವೂಫಿ’ ಇಂಥದೊಂದು ತಂತ್ರಾಂಶ. ಶಾಖ, ತೇವಗಳನ್ನು ಬೇರೆಬೇರೆಯಾಗಿ ಎಣಿಸುವಂತಿಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೀರಿ ಗೋಡೆಯನ್ನು ತಂಪಾಗಿಸುತ್ತದೆ. ಆವಿಯಾಗದೆ ಒಳಗೇ ಉಳಿದ ತೇವವಾದರೋ ಶಾಖವನ್ನು ಬೇಗ ಒಳಕ್ಕೆ ಸಾಗಿಸುತ್ತದೆ.

ಲೆಕ್ಕ ತೋರಿಸುವುದಿಷ್ಟು. ಆರು ಅಂಗುಲದ ಕಾಂಕ್ರೀಟ್ ಗೋಡೆಯ ಹೊರಮೈಗೆ ಬಿದ್ದ ಶಾಖ ನಾಲ್ಕೈದು ಗಂಟೆಗಳಲ್ಲಿ ಒಳಮೈ ಸೇರುತ್ತದೆ. ಸಂಜೆಯ ಬಿಸಿಲು ಮಲಗುವ ವೇಳೆಗೆ ಕೋಣೆಯನ್ನು ಕಾಯಿಸುತ್ತದೆ. ಒಂದೂವರೆ ಅಡಿಯ ಒಣ ಮಣ್ಣಿನ ಗೋಡೆಯಲ್ಲಿ ಅದು ಹನ್ನೆರಡು ಗಂಟೆಗೂ ಮಿಕ್ಕಿ ತಡೆದು, ದಾರಿಯಲ್ಲೇ ಬಹುಪಾಲು ಕರಗುತ್ತದೆ. ಆದರೆ ಗೋಡೆ ಒಣಗಿರಬೇಕು. ಬುನಾದಿಯಿಂದ ಏರಿದ ತೇವ, ಬಿರುಕಿನಲ್ಲಿ ಇಳಿದ ಮಳೆನೀರು ಸಿಮೆಂಟಿನ ಹಿಂದೆ ಸಿಲುಕಿದರೆ ಹೊರಕ್ಕೆ ಆರಲಾರದು. ಆಗ ಮಣ್ಣು ಸಡಿಲವಾಗುತ್ತದೆ, ಒಳಮೈಯಲ್ಲಿ ಬೂಷ್ಟು ಹಿಡಿಯುತ್ತದೆ.

ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮೊಳಕಾಲ್ಮೂರಿನ ನೇಕಾರರು ಕುಣಿಮಗ್ಗದಲ್ಲಿ ಕಾಲಿಳಿಸಿ ದಿನವಿಡೀ ಮನೆಯೊಳಗೇ ದುಡಿಯುವವರು. ಅವರಿಗೂ ಮನೆಯ ಮಕ್ಕಳು, ವೃದ್ಧರಿಗೂ ಇದರ ಬಾಧೆ ಹೆಚ್ಚು. ರಾತ್ರಿಯೂ ಇಳಿಯದ ಸೆಕೆಯಲ್ಲಿ ನಿದ್ರೆ ಕೆಟ್ಟು, ದಣಿದ ದೇಹ ಚೇತರಿಸಿಕೊಳ್ಳುವುದಿಲ್ಲ.

ಆದ್ದರಿಂದ ನಾವು ಪಾಲಿಸಬೇಕಾದವು ಇವು. ಮಣ್ಣಿನ ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆಯೇ ಇರಲಿ. ಈಗಾಗಲೇ ಮಾಡಿಸಿದ ಸಿಮೆಂಟ್ ಗಾರೆ ತಟ್ಟಿದಾಗ ಟೊಳ್ಳು ಸದ್ದು ಕೊಟ್ಟರೆ, ಅನುಭವಿ ಗಾರೆ ಕೆಲಸದವರಿಗೆ ತೋರಿಸಿ ಎಚ್ಚರಿಕೆಯಿಂದ ತೆಗೆಸಬೇಕು. ಮಾಳಿಗೆಯ ನೀರು, ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಬೇಸಿಗೆಯಲ್ಲಿ ಕಿಟಕಿಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯಬೇಕು. ಬೂಷ್ಟನ್ನು ಒರೆಸಿದರಷ್ಟೇ ಸಾಲದು, ತೇವದ ಮೂಲವನ್ನು ನಿಲ್ಲಿಸಬೇಕು. ಕೆಮ್ಮು, ಉಬ್ಬಸ ಬಿಡದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ನಿಜ. ಆದರೆ ಒಮ್ಮೆ ಒಳಸೇರಿದ ನೀರಿಗೆ ಹೊರಬರುವ ದಾರಿಯಿಲ್ಲದಿದ್ದರೆ, ಆ ಸ್ವಲ್ಪ ಮಳೆಯೇ ಮನೆಯವರ ಆರೋಗ್ಯವನ್ನು ಕೆಡಿಸಲು ಸಾಕು.