ಲಾರಿ ಗೇರ್ ಬಾಕ್ಸ್: ಬಿಚ್ಚಿ ಕಟ್ಟಿಸುವುದೋ, ಬೇರೆ ಕೂರಿಸುವುದೋ?

ಪಾಂಡವಪುರ, ಕೆ.ಆರ್. ಪೇಟೆ ಕಡೆ ಕಬ್ಬಿನ ಲಾರಿಯ ಗೇರ್ ಬಾಕ್ಸ್ ಕೈಕೊಡುವುದು ಹೆಚ್ಚಾಗಿ ಕಾರ್ಖಾನೆ ಅರೆಯುತ್ತಿರುವ ಹೊತ್ತಿನಲ್ಲೇ. ಹಸಿ ಗದ್ದೆಯಿಂದ ತುಂಬಿದ ಲೋಡನ್ನು ಮೊದಲ ಗೇರಿನಲ್ಲಿ ಎಳೆದು ರಸ್ತೆಗೆ ಹತ್ತಿಸಬೇಕು. ಆಮೇಲೆ ಕಾರ್ಖಾನೆ ಗೇಟಿನ ಸಾಲಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ಅಡಿ ಅಡಿಯಾಗಿ ಸರಿಯಬೇಕು. ಸೀಸನ್ನಿನಲ್ಲಿ ಗಾಡಿ ಒಂದು ದಿನ ನಿಂತರೂ ಬಾಡಿಗೆ ಹೋಯಿತು. ಆ ಗಡಿಬಿಡಿಯಲ್ಲಿ ಮೆಕ್ಯಾನಿಕ್ಕು “ಬಾಕ್ಸೇ ಹೋಗಿದೆ ಅಣ್ಣ, ಬೇರೆ ಹಾಕ್ಬಿಡಾಣ” ಅಂದರೆ ಮಾಲೀಕರು ಹೂಂ ಅಂದುಬಿಡುತ್ತಾರೆ. ಅನ್ನಬೇಡಿ. ಬಾಕ್ಸ್ ಬಿಚ್ಚಿ ನೋಡುವವರೆಗೆ ಯಾವ ತೀರ್ಮಾನವೂ ಬೇಡ.

ಮೊದಲು ಕ್ಲಚ್ ನೋಡಿ

ಎಂಜಿನ್ ನಿಲ್ಲಿಸಿ ಎಲ್ಲ ಗೇರೂ ಹಾಕಿ ನೋಡಿ. ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಕರ್ ಎಂದು ಹಟ ಮಾಡಿದರೆ ಮೊದಲ ಅನುಮಾನ ಕ್ಲಚ್ ಮೇಲಿರಲಿ. ಪ್ಲೇಟ್ ಸರಿಯಾಗಿ ಬಿಡುತ್ತಿಲ್ಲ, ಇಲ್ಲವೇ ಕ್ಲಚ್ ಸಿಲಿಂಡರ್ ಸೋರುತ್ತಿದೆ. ಅದು ಬಾಕ್ಸಿನ ಖರ್ಚೇ ಅಲ್ಲ.

ಸದ್ದೂ ಜಾಗ ಹೇಳಿಕೊಡುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಗರಗರ ಎಂದು, ಕ್ಲಚ್ ಒತ್ತಿದೊಡನೆ ನಿಂತರೆ ಬಾಕ್ಸಿನೊಳಗಿನ ಬೇರಿಂಗು. ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗು. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಹಾರಿದರೆ ಶಿಫ್ಟರ್ ಫೋರ್ಕು, ಲಾಕ್ ಸ್ಪ್ರಿಂಗು ಸವೆದಿರಬಹುದು. ಬಾಕ್ಸಿನ ಮೌಂಟಿಂಗ್ ಸಡಿಲವಾಗಿದ್ದರೂ ಹಾಗೇ ಆಗುತ್ತದೆ. ಮೌಂಟಿಂಗ್ ನೋಡಲು ಐದು ನಿಮಿಷ ಸಾಕು.

ಆಯಿಲ್ ಇಳಿಸಿ

ಗಾಡಿ ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಡ್ರೈನ್ ಪ್ಲಗ್ ಬಿಚ್ಚಿ, ಬಿಳಿ ಬೇಸಿನ್ನಿಗೆ ಇಳಿಸಿ. ಪ್ಲಗ್ಗಿನ ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ದಿನನಿತ್ಯದ ಸವೆತ. ಆಯಿಲನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆಯ ಮಿಣುಕು ಕಂಡರೆ ಸಿಂಕ್ರೊ ರಿಂಗ್ ಸವೆದಿದೆ; ಅದು ರಿಪೇರಿಯ ಬಾಬತ್ತು. ಉಗುರಿನಷ್ಟು ದಪ್ಪದ ಉಕ್ಕಿನ ಚೂರು ಬಂದರೆ ಹಲ್ಲು ಮುರಿದಿದೆ, ಖರ್ಚು ಏರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಹೊಕ್ಕಿದೆ. ಅದನ್ನು ಬೇಗ ಕಂಡುಕೊಂಡರೆ ಬೇರಿಂಗ್, ಸೀಲ್ ಬದಲಿಸಿ ಬಚಾವಾಗಬಹುದು.

ಬಿಚ್ಚಿದ ಮೇಲೆ ಲೆಕ್ಕ

ಬಾಕ್ಸ್ ಬಿಚ್ಚುವಾಗ ನೀವೇ ಮುಂದೆ ನಿಲ್ಲಿ. ನೋಡಬೇಕಾದ್ದು ಮೂರು: ಹೌಸಿಂಗ್, ಮೇನ್ ಶಾಫ್ಟ್, ಲೇ ಶಾಫ್ಟ್. ಹೌಸಿಂಗ್‌ನಲ್ಲಿ ಬಿರುಕಿಲ್ಲದೆ, ಬೇರಿಂಗ್ ಕೂರುವ ಜಾಗ ಸವೆಯದೆ ಇದ್ದರೆ ಹಳೆಯ ಟಾಟಾ, ಲೇಲ್ಯಾಂಡ್, ಐಷರ್‌ಗಳ ಕೈಗೇರಿನ ಬಾಕ್ಸನ್ನು ಬಿಚ್ಚಿ ಕಟ್ಟಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್ಕುಗಳೂ ಇದ್ದಾರೆ. ಹೌಸಿಂಗ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ದಿನ ದೂಡಬೇಡಿ; ಶಾಫ್ಟುಗಳ ನೇರ ತಪ್ಪಿದರೆ ಹೊಸ ಬೇರಿಂಗೂ ತಿಂದುಹೋಗುತ್ತದೆ.

ಕಟ್ಟಿಸುವುದಾದರೆ ಬೇರಿಂಗ್, ಸೀಲ್, ಸಿಂಕ್ರೊ ರಿಂಗ್ ಒಟ್ಟಿಗೇ ಬದಲಾಗಲಿ. ಬಾಕ್ಸ್ ಇಳಿದಿರುವಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ನೋಡಿಸಿ, ಇಳಿಸಿ ಏರಿಸುವ ಕೂಲಿ ಎರಡು ಸಲ ಕೊಡಬೇಡಿ. ಎಸ್ಟಿಮೇಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅದು ವಾರಂಟಿ ಇರುವ ರೀಕಂಡಿಷನ್ ಬಾಕ್ಸಿನ ಬೆಲೆಯ ಅರ್ಧ ದಾಟಿ ಮುಕ್ಕಾಲಿನ ಹತ್ತಿರ ಬಂದರೆ ಬೇರೆ ಬಾಕ್ಸ್ ಕೂರಿಸಿ. ಗಾಡಿಯನ್ನೇ ಇನ್ನೊಂದೆರಡು ವರ್ಷದಲ್ಲಿ ಕೊಡುವ ಯೋಚನೆಯಿದ್ದರೆ ಹೊಸ ಬಾಕ್ಸಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ.

ಗುಜರಿಯ ಬಾಕ್ಸ್ ಅಗ್ಗ, ಆದರೆ ಅದರ ಒಳಗನ್ನೂ ಯಾರೂ ನೋಡಿರುವುದಿಲ್ಲ. ಆರ್.ಸಿ.ಯಲ್ಲಿ ನಮೂದಾಗುವುದು ಎಂಜಿನ್, ಚಾಸಿ ನಂಬರು ಮಾತ್ರ, ಗೇರ್ ಬಾಕ್ಸಿನದಲ್ಲ. ಹಾಗಾಗಿ ಅದೇ ಮಾದರಿಯದಾದರೆ ಆರ್‌ಟಿಒ ಕಚೇರಿಗೆ ಅಲೆಯಬೇಕಿಲ್ಲ. ಕದ್ದ ಮಾಲು ಸುಲಭವಾಗಿ ಕೈ ಬದಲಿಸುವುದೂ ಇದೇ ಕಾರಣಕ್ಕೆ. ಬಿಲ್ ಇಲ್ಲದ ಬಾಕ್ಸನ್ನು ಮುಟ್ಟಬೇಡಿ.

ಆಟೊಮ್ಯಾಟಿಕ್ ಆದರೆ

ಹೊಸ ಲಾರಿಗಳಲ್ಲಿ ಈಗ ಎಎಂಟಿ ಬರುತ್ತಿದೆ. ಒಳಗಿರುವುದು ನಮ್ಮ ಮಾಮೂಲಿ ಗೇರುಗಳೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಗೇರ್ ಬೀಳದಿದ್ದರೆ ಮೊದಲು ಗಾಳಿ ಒತ್ತಡ, ವೈರಿಂಗ್, ಸೆನ್ಸರ್, ಆಕ್ಚುಯೇಟರ್ ಪರೀಕ್ಷಿಸಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ, ಕಂಪನಿ ಸರ್ವಿಸ್‌ಗೆ ಕೊಡಿ.

ಟಾರ್ಕ್ ಕನ್ವರ್ಟರ್ ಇರುವ ಪೂರ್ಣ ಆಟೊಮ್ಯಾಟಿಕ್ ನಮ್ಮ ಕಡೆಯ ಲಾರಿಗಳಲ್ಲಿ ಅಪರೂಪ. ಅದರ ಆಯಿಲ್ ಕಪ್ಪಗಾಗಿ ಸುಟ್ಟ ವಾಸನೆ ಬಂದು, ಗಾಡಿ ಎಳೆಯದೆ ಎಂಜಿನ್ ಮಾತ್ರ ಕೂಗಿದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಇದಕ್ಕೆ ಕಂಪನಿಯ ಎಕ್ಸ್‌ಚೇಂಜ್ ಬಾಕ್ಸೇ ವಾಸಿ. ಆಯಿಲ್ ಕೂಲರ್ ತೊಳೆಯದೆ ಕೂರಿಸಿದರೆ ಹಳೇ ಕಸ ಹೊಸ ಬಾಕ್ಸಿಗೂ ಸೇರುತ್ತದೆ.

ಕೈಗೆ ತೆಗೆದುಕೊಳ್ಳುವ ಮುನ್ನ

ಖಾಲಿ ಗಾಡಿಯನ್ನು ಊರಲ್ಲಿ ಒಂದು ಸುತ್ತು ಹೊಡೆಸಿ ದುಡ್ಡು ಕೊಡಬೇಡಿ. ಶ್ರೀರಂಗಪಟ್ಟಣದ ಬಳಿಯ ಹೆದ್ದಾರಿಯಲ್ಲಿ ಟಾಪ್ ಗೇರಿನ ಸದ್ದು ಕೇಳಿ. ಲೋಡ್ ಹಾಕಿ ಮೇಲುಕೋಟೆ ಏರು ಹತ್ತಿಸಿ, ಇಳಿಯುವಾಗ ಗೇರ್ ಹಾರುತ್ತದೆಯೇ ನೋಡಿ. ನಾಗಮಂಗಲದ ತೆಂಗಿನಕಾಯಿ ಲೋಡಾದರೂ ಸರಿ, ಭಾರ ಇರಬೇಕು ಅಷ್ಟೆ. ಗಾಡಿ ಕಂಪನಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲೇ ಇರಲಿ. ಜಿಎಲ್-4 ಕೇಳುವ ಬಾಕ್ಸಿಗೆ ಜಿಎಲ್-5 ಸುರಿದರೆ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಪೆಟ್ಟು. ಬಿಚ್ಚಿದ ಹಳೇ ಸಾಮಾನನ್ನು ಚೀಲಕ್ಕೆ ಹಾಕಿಸಿಕೊಂಡು ಬನ್ನಿ.

ಬಿಲ್ಲಿನಲ್ಲಿ ವಾರಂಟಿ ಎಷ್ಟು ತಿಂಗಳು, ಎಷ್ಟು ಕಿ.ಮೀ. ಎಂದು ಬರೆಸಿ. ಸಾಮಾನ್ಯ ವಿಮೆ ಸವೆತಕ್ಕಾಗಲಿ ಯಂತ್ರದ ಕೆಡುಕಿಗಾಗಲಿ ಹಣ ಕೊಡುವುದಿಲ್ಲ. ಸ್ವಂತ ದುಡಿಮೆಗೆ ಲಾರಿ ಇಟ್ಟುಕೊಂಡು ಜೀವನ ಮಾಡುವವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೇ. ರಿಪೇರಿಯಲ್ಲಿ ಮೋಸವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.