ಮಾಂತ್ರಿಕ ವಾಸ್ತವವಾದ: ಫ್ಯಾಂಟಸಿಗಿಂತ ಹೇಗೆ ಬೇರೆ?

'ಮಾಂತ್ರಿಕ ವಾಸ್ತವವಾದ' ಎಂಬ ಪದ ಮೊದಲು ಬಳಕೆಗೆ ಬಂದದ್ದು ಸಾಹಿತ್ಯದಲ್ಲಲ್ಲ, ಚಿತ್ರಕಲೆಯಲ್ಲಿ. ಜರ್ಮನಿಯ ಕಲಾವಿಮರ್ಶಕ ಫ್ರಾಂಜ್ ರೋ 1925ರಲ್ಲಿ ಇದನ್ನು ಬಳಸಿದರು. ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂತಿಯೇರ್ 1949ರಲ್ಲಿ, ಹೈಟಿಯ ಕಥೆ ಹೇಳುವ ತಮ್ಮ ಕಾದಂಬರಿಯ ಮುನ್ನುಡಿಯಲ್ಲಿ, ಇದಕ್ಕೆ ಹತ್ತಿರದ 'ಅದ್ಭುತ ವಾಸ್ತವ'ದ ಕಲ್ಪನೆ ಮಂಡಿಸಿದರು.

ಫ್ಯಾಂಟಸಿ ಬೇರೆಯದೇ ಲೋಕ ಕಟ್ಟುತ್ತದೆ. ಲೇಖಕ ಟೋಲ್ಕಿನ್‌ರ ಕಥಾಲೋಕ 'ಮಿಡ್ಲ್ ಅರ್ತ್'ಗೆ ತನ್ನದೇ ಭೂಪಟ, ಭಾಷೆಗಳು, ಚರಿತ್ರೆ ಇವೆ. ಮಾಂತ್ರಿಕ ವಾಸ್ತವವಾದದಲ್ಲಿ ಲೋಕ ನಮ್ಮದೇ. ಅದರೊಳಗೆ ನಡೆಯುವ ಪವಾಡಕ್ಕೆ ಯಾರೂ ವಿವರಣೆ ಕೇಳುವುದಿಲ್ಲ.

ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ 'ನೂರು ವರ್ಷಗಳ ಏಕಾಂತ' (1967) ಇದರ ಶಿಖರ. ಮಕೋಂಡೊ ಎಂಬ ಊರಲ್ಲಿ ಚೆಲುವೆ ರೆಮೆದಿಯೋಸ್ ದುಪ್ಪಟಿಗಳ ಸಮೇತ ಆಕಾಶಕ್ಕೇರುತ್ತಾಳೆ. ಮನೆಯ ಸೊಸೆಗೆ ದುಪ್ಪಟಿ ಹೋಯಿತಲ್ಲ ಎಂಬ ಚಿಂತೆ! ಅದೇ ಊರಿನವರಿಗೆ ಮಂಜುಗಡ್ಡೆ ಮಹಾ ಅಚ್ಚರಿ. ಇನ್ನೂ ಕಟುವಾದದ್ದು ಬಾಳೆತೋಟದ ಕಾರ್ಮಿಕರ ಹತ್ಯೆ: 1928ರ ನಿಜ ಘಟನೆಯೇ ಅದರ ಮೂಲ. ಕಾದಂಬರಿಯಲ್ಲಿ ಪವಾಡವನ್ನು ನಂಬುವ ಜನ ಈ ಹತ್ಯೆಯನ್ನು ಮಾತ್ರ ನಂಬುವುದಿಲ್ಲ, ಏಕೆಂದರೆ ಸರ್ಕಾರ ಅದನ್ನು ಅಲ್ಲಗಳೆದಿದೆ. ಈ ಶೈಲಿಯ ರಾಜಕೀಯ ಶಕ್ತಿ ಇರುವುದು ಇಲ್ಲೇ. ಮಾರ್ಕೆಸ್‌ಗೆ ನೊಬೆಲ್ ಸಂದದ್ದು 1982ರಲ್ಲಿ.

ಇದೇ ಶೈಲಿಯ, ಸಲ್ಮಾನ್ ರಶ್ದಿಯವರ ಕಾದಂಬರಿ 'ಮಿಡ್‌ನೈಟ್ಸ್ ಚಿಲ್ಡ್ರನ್' 1981ರಲ್ಲಿ ಬೂಕರ್ ಪಡೆಯಿತು. ಕನ್ನಡದಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಈ ಶೈಲಿಯ ಜೊತೆಗಿಟ್ಟು ಓದುವುದುಂಟು. ಅಲ್ಲಿ ಮನೆಮನೆಯ ದೀಪಗಳ ಆತ್ಮಗಳಾದ ಜೋತಮ್ಮಂದಿರು ಕೂಡಿ ಸುಖದುಃಖ ಮಾತಾಡಿಕೊಳ್ಳುತ್ತಾರೆ. ಅದರ ಬೇರು ಮಾತ್ರ ಲ್ಯಾಟಿನ್ ಅಮೆರಿಕದ್ದಲ್ಲ, ನಂಜನಗೂಡು ಸೀಮೆಯ ಜನಪದದ್ದು. ಈ ಕೃತಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ.